ಬೆವರು ನಿಂತ ಗೆರೆ

ಸೊಪ್ಪಿನಮ್ಮನ ಆಪರೇಷನ್ನಿನ ಕಥೆ ನಮ್ಮ ಅಗ್ರಹಾರದಲ್ಲಿ ಎಲ್ಲರ ಬಾಯಲ್ಲೂ ಒಂದೇ ತೆರನಾಗಿದೆ. ಬೆನ್ನಿಗೆ ಸೂಜಿ ಚುಚ್ಚಿ ಅವಳನ್ನು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಆಗ, ಎಂದೋ ತೀರಿಕೊಂಡಿದ್ದ ಅವಳ ಅಕ್ಕ ಬಂದು ಮೇಜಿನ ಕಾಲ್ದೆಸೆಯಲ್ಲಿ ನಿಂತಳು. ತಂಗಿಯ ಕಾಲೆರಡನ್ನೂ ಎತ್ತಿ ಹಿಡಿದುಕೊಂಡು, ಕೊಯ್ದ ನೋವನ್ನೆಲ್ಲ ತಾನೇ ತೆಗೆದುಕೊಂಡಳು. ಹೊರಡುವ ಮುಂಚೆ ಎಷ್ಟು ಹೊಲಿಗೆ ಬಿತ್ತೆಂದು ಎಣಿಸಿ ತಂಗಿಯ ಕಿವಿಯಲ್ಲಿ ಹೇಳಿ ಹೋದಳು. ಇಷ್ಟು ಕಥೆ. ನಮ್ಮ ಅಮ್ಮ ಇದನ್ನು ಹೇಳುವಾಗ ಕೊನೆಗೆ ಒಂದು ಮಾತು ಸೇರಿಸುತ್ತಾರೆ: "ನಮ್ಮ ಹುಡುಗನೂ ಅಲ್ಲೇ ಇದ್ದ ಕಣ್ರೀ, ಬೇಕಾದ್ರೆ ಅವನನ್ನೇ ಕೇಳಿ."

ಯಾರೂ ಕೇಳುವುದಿಲ್ಲ. ಕೇಳಿದರೆ ನಾನು ಕಥೆ ಕೆಡಿಸುತ್ತೇನೆಂದು ಎಲ್ಲರಿಗೂ ಗೊತ್ತು.

ಹಾಗೆ ನೋಡಿದರೆ ನನ್ನ ಮೊದಲ ಆಕ್ಷೇಪಣೆ ಅಕ್ಕನ ಮೇಲೆ ಅಲ್ಲವೇ ಅಲ್ಲ. ಸತ್ತವರು ಬರುತ್ತಾರೋ ಇಲ್ಲವೋ, ಅದರ ಬಗ್ಗೆ ಆಮೇಲೆ ಜಗಳವಾಡೋಣ. ನನ್ನ ಆಕ್ಷೇಪಣೆ ಕಥೆಯಲ್ಲಿ ಯಾರೂ ಅನುಮಾನಿಸದ ವಾಕ್ಯದ ಮೇಲೆ. ಸೊಂಟದಿಂದ ಕೆಳಗೆ ಮರಗಟ್ಟಿತ್ತು ಎಂದು ನಿಮಗೆ ಹೇಳಿದವರು ಯಾರು? ಯಾರು ನೋಡಿದರು? ಅದನ್ನು ಹೇಳಿದವನು ಒಬ್ಬನೇ. ಆ ಒಬ್ಬ ನಾನು.

ಆಗ ನಾನು ಮೆಡಿಕಲ್ ಕಾಲೇಜು ಮುಗಿಸಿ ಆರು ತಿಂಗಳಾಗಿರಲಿಲ್ಲ. ಬನ್ನಿಮಂಟಪದ ಕಡೆ ಹೋಗುವ ದಾರಿಯಲ್ಲಿ ಇಪ್ಪತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆ ಇತ್ತು. ಈಗ ಅದು ಮುಚ್ಚಿಹೋಗಿ ಅಲ್ಲಿ ಮರದ ಡಿಪೋ ಆಗಿದೆ. ಅಲ್ಲಿ ದೊಡ್ಡ ಡಾಕ್ಟರು ಎಂದರೆ ಒಬ್ಬರೇ, ಅವರ ಕೈಕೆಳಗೆ ಚಿಕ್ಕ ಡಾಕ್ಟರು ಎಂದರೆ ನಾನೊಬ್ಬನೇ. ಮೈ ಮರಗಟ್ಟಿಸುವುದಕ್ಕೆಂದೇ ಬೇರೆ ಡಾಕ್ಟರನ್ನು ಇಟ್ಟುಕೊಳ್ಳುವ ಶಕ್ತಿ ಅಂಥ ಆಸ್ಪತ್ರೆಗಳಿಗೆ ಇರಲಿಲ್ಲ. ಬೆನ್ನೆಲುಬಿನ ಸಂದಿನಲ್ಲಿ ಔಷಧಿ ಬಿಡುವವನು ನಾನು, ಅದು ಎಲ್ಲಿಯವರೆಗೆ ಏರಿದೆ ಎಂದು ಹೇಳುವವನೂ ನಾನು. "ಆಯಿತು ಸರ್" ಎಂದು ನಾನು ಅಂದಮೇಲೆ ಅವರು ಚರ್ಮಕ್ಕೆ ಚಾಕು ಇಡುತ್ತಿದ್ದರು.

ಎಲ್ಲಿಯವರೆಗೆ ಏರಿದೆ ಎಂದು ತಿಳಿಯುವ ಕ್ರಮ ಆಗ ಎಲ್ಲ ಕಡೆಯೂ ಒಂದೇ. ಒಂದು ಗುಂಡುಸೂಜಿ. ಕಾಲಿನಿಂದ ಮೇಲಕ್ಕೆ ಚುಚ್ಚುತ್ತಾ ಬರುವುದು, "ನೋವಾಗುತ್ತಾ?" ಎಂದು ಕೇಳುವುದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎರಡು ಸಲ ಷೀಲ್ಡ್ ಹೊತ್ತು ತಂದ ನನಗೆ ಈ ಕ್ರಮ ಮೊದಲ ವಾರದಲ್ಲೇ ಹಿಡಿಸದೆ ಹೋಯಿತು. ಚರ್ಚೆಯಲ್ಲಿ ನಮಗೆ ಕಲಿಸುತ್ತಿದ್ದುದು ಇಷ್ಟೇ: ಎದುರಾಳಿಯ ತೀರ್ಮಾನದ ಜೊತೆ ಗುದ್ದಾಡಬೇಡ, ಅವನ ಸಾಕ್ಷಿ ಯಾರು ಎಂದು ಕೇಳು. ಇಲ್ಲಿ ಸಾಕ್ಷಿ ಯಾರು? ಬಟ್ಟೆ ಬಿಚ್ಚಿಸಿಕೊಂಡು ಮೇಜಿನ ಮೇಲೆ ಮಲಗಿ, ಜೀವ ಕೈಯಲ್ಲಿ ಹಿಡಿದುಕೊಂಡಿರುವ ಮನುಷ್ಯ.

ಒಮ್ಮೆ ಜಟಕಾ ಓಡಿಸುವವನೊಬ್ಬನಿಗೆ ಇಂಜೆಕ್ಷನ್ ಕೊಡುವ ಮುಂಚೆಯೇ, ಪರೀಕ್ಷೆಗೆಂದು, ತೋಳಿಗೆ ಸೂಜಿ ಒತ್ತಿ ನೋವಾಗುತ್ತಾ ಎಂದೆ. ಹನಿ ರಕ್ತ ಬಂತು. "ಇಲ್ಲ ಬುದ್ದಿ" ಅಂದ, ಧಣಿಗೆ ಅನ್ನುವ ಹಾಗೆ. ಅದೇ ವಾರ ನಮ್ಮ ಬೀದಿಯವರೇ, ಅರಮನೆಯ ಕಚೇರಿಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು, ಸೂಜಿ ಇನ್ನೂ ನನ್ನ ಕೈಯಲ್ಲಿರುವಾಗಲೇ ಆ ಎಂದು ಅರಚಿದರು. ಎರಡೂ ಉತ್ತರಕ್ಕೂ ಸೂಜಿಗೂ ಸಂಬಂಧವಿರಲಿಲ್ಲ. ಒಬ್ಬ ನನ್ನ ಜನಿವಾರಕ್ಕೆ ಉತ್ತರ ಕೊಟ್ಟ, ಇನ್ನೊಬ್ಬರು ತಮ್ಮ ಪಿಂಚಣಿಗೆ.

ಇದನ್ನು ದೊಡ್ಡ ಡಾಕ್ಟರ ಮುಂದೆ ವಾದಿಸಿದೆ. ಅವರು, ನಾನು ರೋಗಿಯ ಮಾತು ಕೇಳುವುದೇ ಇಲ್ಲ, ಚಿಮ್ಮಟದಲ್ಲಿ ಚರ್ಮ ಹಿಂಡಿ ಹುಬ್ಬು ಗಂಟಿಕ್ಕುತ್ತದೆಯೇ ನೋಡುತ್ತೇನೆ ಎಂದರು. ಹುಬ್ಬೂ ಅದೇ ಮನುಷ್ಯನದಲ್ಲವೇ ಸರ್ ಎಂದೆ. ಅವರು ನಕ್ಕು ಕೈ ತೊಳೆಯಲು ಹೋದರು.

ನನಗೆ ಬೇಕಾಗಿದ್ದದ್ದು ಸುಳ್ಳು ಹೇಳಲು ಬಾರದ ಸಾಕ್ಷಿ. ಹುಡುಕಿದವನಿಗೆ ಕಾಲೇಜಿನ ಲೈಬ್ರರಿಯ ಹಳೆಯ ಪುಸ್ತಕವೊಂದರಲ್ಲಿ ಸಿಕ್ಕಿತು. ಬೆವರು. ಬೆನ್ನಿನ ಔಷಧಿ ಏರಿದಷ್ಟು ಮೈ ಬೆವರುವುದನ್ನು ನಿಲ್ಲಿಸುತ್ತದೆ. ಚರ್ಮಕ್ಕೆ ಹರಳೆಣ್ಣೆ ಬೆರೆಸಿದ ಅಯೊಡಿನ್ ಬಳಿದು, ಒಣಗಿದ ಮೇಲೆ ಗಂಜಿಯ ಹಿಟ್ಟು ಉದುರಿಸಿದರೆ, ಬೆವರು ಬಂದ ಕಡೆ ಹಿಟ್ಟು ಕಪ್ಪುನೀಲಿಗೆ ತಿರುಗುತ್ತದೆ. ಬಾರದ ಕಡೆ ಬೆಳ್ಳಗೆ ಉಳಿಯುತ್ತದೆ. ರೋಗಿಯನ್ನು ಏನೂ ಕೇಳಬೇಕಾಗಿಲ್ಲ. ಬೆವರಿಗೆ ಜಾತಿ ಗೊತ್ತಿಲ್ಲ, ಬುದ್ದಿ ಅನ್ನಲು ಬರುವುದಿಲ್ಲ.

ಅಮ್ಮನ ಆರಾರೂಟ್ ಡಬ್ಬಿಯಿಂದ ಎರಡು ಚಮಚ ಕದ್ದು ನನ್ನ ಎಡಗೈ ಮೇಲೆಯೇ ಮಾಡಿ ನೋಡಿದೆ. ಬಿಸಿಲಲ್ಲಿ ಕೂತ ಹತ್ತು ನಿಮಿಷಕ್ಕೆ ಮೊಣಕೈವರೆಗೂ ಸಣ್ಣ ಸಣ್ಣ ಚುಕ್ಕಿ ಎದ್ದವು. ಒಂದೊಂದು ಬೆವರಿನ ರಂಧ್ರಕ್ಕೂ ಒಂದೊಂದು. ಅಮ್ಮ ನೋಡಿ, ಹಾವು ಕಡಿದ ಕೈ ಹಾಗಿದೆ, ತೊಳ್ಕೊಳೋ ಅಂದರು. ನಾನು ಸಂಜೆಯವರೆಗೂ ತೊಳೆದುಕೊಳ್ಳಲಿಲ್ಲ.

ಸೊಪ್ಪಿನಮ್ಮ ಕೆಸರೆಯವಳು. ನಾನು ಅಂಬೆಗಾಲಿಡುವಾಗಿನಿಂದ ನಮ್ಮ ಮನೆಗೆ ಸೊಪ್ಪು ಹಾಕುತ್ತಿದ್ದವಳು. ಬೆಳಿಗ್ಗೆ ನಾವು ಕಾಫಿ ಮುಗಿಸುವುದರೊಳಗೆ ಜಗಲಿಯ ಮೇಲೆ ಬುಟ್ಟಿ ಇಳಿಸಿರುತ್ತಿದ್ದಳು. ದಂಟು, ಮೆಂತ್ಯ, ಸಬ್ಬಸಿಗೆ. ವ್ಯಾಪಾರಕ್ಕೆ ನಿಂತಳೆಂದರೆ ಅವಳು ಯಾರಿಗೂ ಸೊಪ್ಪು ಹಾಕುವವಳಲ್ಲ. ಅಮ್ಮ ಒಂದು ಅಂದರೆ ಅವಳು ಎರಡು ಅನ್ನುವಳು. ಕೊಳೆತ ಎಲೆ ತೋರಿಸಿದರೆ, "ಅದು ಕೊಳ್ತಿಲ್ಲ ಕಣ್ ಅಮ್ಮಾರೆ, ನಿಮ್ ಕನ್ನಡ್ಕ ಕೊಳ್ತದೆ" ಅನ್ನುವಳು. ಎಲ್ಲ ಮುಗಿದ ಮೇಲೆ ಅಮ್ಮ "ಕೊಸರು ಹಾಕೇ" ಎಂದು ಮೊರ ಮುಂದೆ ಹಿಡಿಯುವುದು, ಅವಳು ಗೊಣಗುತ್ತಾ ನಾಲ್ಕು ಎಳೆ ಎಸೆಯುವುದು, ಇಷ್ಟು ನಡೆಯದೆ ನಮ್ಮ ಬೀದಿಯಲ್ಲಿ ಬೆಳಗಾಗುತ್ತಿರಲಿಲ್ಲ. ವಾದ ಮಾಡುವುದನ್ನು ನಾನು ಕಾಲೇಜಿನಲ್ಲಿ ಕಲಿತೆ ಎಂದು ಎಲ್ಲರೂ ತಿಳಿದಿದ್ದಾರೆ. ಅರ್ಧ ಕಲಿತದ್ದು ಆ ಜಗಲಿಯ ಮೇಲೆ.

ಅವಳ ಬಲತೊಡೆಯ ಸಂದಿನಲ್ಲಿ ಒಂದು ಗಂಟು ಇತ್ತು. ಬುಟ್ಟಿ ಹೊತ್ತು ನಡೆದರೆ ಕರುಳು ಇಳಿದು ನಿಂಬೆಹಣ್ಣಿನಷ್ಟು ಊದುತ್ತಿತ್ತು, ಮಲಗಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಆ ಬೇಸಿಗೆಯಲ್ಲಿ ಒಂದು ದಿನ ಒಳಗೆ ಹೋಗದೆ ಸತಾಯಿಸಿತು. ಮತ್ತೊಮ್ಮೆ ಹಾಗೆ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ ಎಂದು ನಾನು ಹೇಳಿದೆ. ಕೊಯ್ಯುವುದು ಎಂದ ಕೂಡಲೇ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು. ಅವಳ ಅಕ್ಕ, ಹಿಂದೆ ಎಲ್ಲಿಯೋ ಹೊಟ್ಟೆ ಕೊಯ್ಯಿಸಿಕೊಂಡು, ಮೇಜಿನಿಂದ ಏಳದೆ ಹೋದವಳು. ಅಮ್ಮ ಒಂದು ವಾರ ಬೆನ್ನು ಹತ್ತಿ ಒಪ್ಪಿಸಿದರು. ಅಮ್ಮನ ಬಳಿ ಇದ್ದ ವಾದ ಒಂದೇ: ನಮ್ಮ ಹುಡುಗ ಪಕ್ಕದಲ್ಲೇ ಇರ್ತಾನೆ. ಕೊನೆಗೆ ಅವಳು ನನ್ನ ಮುಖ ನೋಡಿ, "ಚಿಕ್ಬುದ್ದಿ ಇದ್ರೆ ಆಯ್ತದೆ ಬುಡಿ" ಅಂದಳು.

ಆಸ್ಪತ್ರೆಗೆ ಬಂದವಳು ಬೇರೆಯೇ ಹೆಂಗಸು. ಜಗಲಿಯ ಮೇಲಿನ ಆ ನಾಲಿಗೆಯನ್ನು ಬಾಗಿಲಲ್ಲೇ ಬಿಟ್ಟು ಬಂದ ಹಾಗಿತ್ತು. ಎದ್ದು ನಿಲ್ಲು ಎಂದರೆ ನಿಂತಳು, ಮಲಗು ಎಂದರೆ ಮಲಗಿದಳು. ಊಟ ಆಯಿತೇ ಎಂದು ಕೇಳಿದರೂ ಯಾವ ಉತ್ತರ ನನಗೆ ಇಷ್ಟವಾಗುತ್ತದೋ ಎಂದು ನೋಡಿ ಹೇಳುತ್ತಿದ್ದಳು. ಅಲ್ಲೇ ನನಗೆ ಹೊಳೆಯಿತು. ಸೂಜಿಯನ್ನು ನಂಬುವಂತಿಲ್ಲದ ರೋಗಿ ಎಂದರೆ ಇವಳೇ. ನನ್ನ ಗೆರೆಯನ್ನು ಮೊದಲು ತೋರಿಸಬೇಕಾದದ್ದು ಇವಳ ಮೈಮೇಲೆಯೇ.

ಬೆಳಿಗ್ಗೆ ಒಂಬತ್ತರ ಹೊತ್ತು. ಥಿಯೇಟರಿನಲ್ಲಿ ಸಲಕರಣೆ ಕುದಿಸುವ ಡಬ್ಬಿಯಿಂದ ಹಬೆ ಏಳುತ್ತಿತ್ತು. ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ಮಂಡಿಯನ್ನು ಹೊಟ್ಟೆಗೆ ಒತ್ತಿಕೊಳ್ಳುವಂತೆ ಮುದುರಿಸಿ, ಬೆನ್ನಿಗೆ ಔಷಧಿ ಬಿಟ್ಟೆ. ನೋವಾದರೆ ಹೇಳು ಎಂದು ಒಂದೇ ಒಂದು ಸಲ ಹೇಳಿದ್ದು ಆಗಲೇ. ಆಮೇಲೆ ಅಂಗಾತ ಮಲಗಿಸಿ ಕಾಲು ನೀಟಾಗಿ ಚಾಚಿಸಿದೆವು. ಎದೆಯ ಮೇಲೆ ಅಡ್ಡ ಬಟ್ಟೆ ಕಟ್ಟಿದ್ದರಿಂದ ತನ್ನ ಹೊಟ್ಟೆ, ಕಾಲು ಯಾವುದೂ ಅವಳಿಗೆ ಕಾಣುತ್ತಿರಲಿಲ್ಲ, ಅವಳ ಮುಖ ನಮಗೆ ಕಾಣುತ್ತಿರಲಿಲ್ಲ. ಕೊಯ್ಯುವುದು ಬಲಗಡೆ. ಹಾಗಾಗಿ ಎಡಗಡೆ, ಕಂಕುಳ ಕೆಳಗಿನಿಂದ ಪಾದದವರೆಗೆ, ಒಂದು ಪಟ್ಟೆಯಾಗಿ ಅಯೊಡಿನ್ ಬಳಿದು ಹಿಟ್ಟು ಉದುರಿಸಿದೆ. ಬೆವರಲೆಂದು ತೋಳುಗಳಿಗೆ ಬಿಸಿನೀರಿನ ಚೀಲ ಇಟ್ಟೆ.

ದೊಡ್ಡ ಡಾಕ್ಟರು ಕೈ ತೊಳೆದು ಒಳಗೆ ಬಂದವರು ನಿಂತು ನೋಡಿದರು.

"ಏನಯ್ಯಾ ಡಿಬೇಟರ್, ಪೇಷೆಂಟಿಗೆ ರಂಗೋಲಿ ಬಿಟ್ಟಿದೀಯಲ್ಲ."

ಚುಕ್ಕಿ ಇನ್ನು ಬರುತ್ತೆ ಸರ್ ಎಂದೆ.

ಅವರು ನಗಲಿಲ್ಲ. ಮೇಜಿನ ಮೇಲೆ ಬಗ್ಗಿ, ನನಗೂ ಅವರಿಗೂ ನಡುವೆ ಮಲಗಿದ್ದವಳ ಮೇಲಿಂದಲೇ ಹೇಳಿದರು: "ಆಟ ಅಲ್ಲ ಇದು. ನಿನ್ನ ಗೆರೆ ಸುಳ್ಳಾಗಿ ಈ ಹೆಂಗಸು ಕೂಗಿಕೊಂಡ್ರೆ, ನಾಳೆಯಿಂದ ನನ್ನ ಥಿಯೇಟರಿಗೆ ಕಾಲಿಡಬೇಡ. ಬೇರೆ ಕಡೆ ನೋಡ್ಕೋ."

ಆಗಲಿ ಸರ್ ಎಂದೆ. ವೇದಿಕೆಯ ಮೇಲೆ ಪ್ರತಿಪಕ್ಷದವನು ಸವಾಲು ಎಸೆದರೆ ಹೇಗೆ ಅನ್ನುತ್ತಿದ್ದೆನೋ ಹಾಗೆಯೇ.

ಚುಕ್ಕಿ ಬಂದವು. ಅದನ್ನು ನೋಡಿದ್ದು ಇವತ್ತಿಗೂ ಕಣ್ಣಿಂದ ಹೋಗಿಲ್ಲ. ಮೊದಲು ಕಂಕುಳ ಕೆಳಗೆ ಒಂದೆರಡು. ಆಮೇಲೆ ಪಕ್ಕೆಲುಬಿನ ಉದ್ದಕ್ಕೂ, ಸದ್ದಿಲ್ಲದೆ, ಯಾರೋ ಒಳಗಿನಿಂದ ಬೆರಳ ತುದಿಯಲ್ಲಿ ಒತ್ತುತ್ತಾ ಕೆಳಗೆ ಇಳಿಯುತ್ತಿರುವ ಹಾಗೆ. ಒತ್ತೊತ್ತಾಗಿ ಇಳಿದು ಬಂದು ಹೊಕ್ಕುಳ ಮಟ್ಟದಲ್ಲಿ ನಿಂತವು. ಅಲ್ಲಿಂದ ಕೆಳಗೆ ಒಂದೂ ಇಲ್ಲ. ಮೇಲೆ ಮೈ ಕಪ್ಪುನೀಲಿಯಾಗಿ ಏರುತ್ತಾ ಇಳಿಯುತ್ತಾ ಉಸಿರಾಡುತ್ತಿತ್ತು. ಕೆಳಗೆ ಹಿಟ್ಟು ಮೆತ್ತಿದ ಒಣ ಬೊಂಬೆಯೊಂದನ್ನು ತಂದು ಜೋಡಿಸಿದ ಹಾಗಿತ್ತು. ಒಬ್ಬ ಮನುಷ್ಯ ಎಲ್ಲಿ ಮುಗಿಯುತ್ತಾನೆ ಎಂಬುದನ್ನು ನಾನು ಗೆರೆಯಾಗಿ ನೋಡುತ್ತಿದ್ದೆ. ಮೈ ಜುಮ್ಮೆಂದಿತು. ಗೆದ್ದ ಪುಳಕವೆಂದು ಆಗ ತಿಳಿದೆ.

ಆಗ ಬಟ್ಟೆಯ ಆಚೆಯಿಂದ ಅವಳ ದನಿ ಬಂತು, ಬಹಳ ಮೆಲ್ಲಗೆ.

"ಬುದ್ದಿ, ನನ್ ಕಾಲು ಇಳ್ಸೋಕೆ ಯೋಳಿ."

ಕಾಲು ಮೇಜಿನ ಮೇಲೆ ಚಾಚಿಕೊಂಡೇ ಬಿದ್ದಿದ್ದವು. ಹಾಗೆಂದೆ.

"ಇಲ್ಲ ಬುದ್ದಿ. ಮಂಡಿ ಮಡ್ಚಿ ಮ್ಯಾಕೆ ಎತ್ತಿ ಇಡ್ಕೊಂಡವ್ರೆ." ಆಮೇಲೆ ಗುರುತು ಹಿಡಿದವಳ ಹಾಗೆ ಅಂದಳು: "ಅಕ್ಕ ಅವ್ಳೆ."

ಕಾಲ್ದೆಸೆಯ ಮೂಲೆಯಲ್ಲಿ ಬೇಸಿನ್ ಹಿಡಿದಿದ್ದ ಆಯಾ ಎರಡು ಹೆಜ್ಜೆ ಹಿಂದೆ ಸರಿದು ತಾಳಿ ಮುಟ್ಟಿಕೊಂಡಳು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಆ ಜಾಗದ ಕಡೆಗೆ ಮೂರೂ ಜನ ಒಮ್ಮೆ ನೋಡಿದೆವು ಎಂಬುದು ಮಾತ್ರ ನಿಜ. ದೊಡ್ಡ ಡಾಕ್ಟರೂ ನೋಡಿದರು.

ಗೆರೆ ಇರಲಿ, ಸೂಜಿಯನ್ನೂ ಒಮ್ಮೆ ಮುಟ್ಟಿಸಿ ನೋಡು ಎಂದರು ಅವರು. ಅವರ ಸಮಾಧಾನಕ್ಕೆ ಗುಂಡುಸೂಜಿ ತೆಗೆದುಕೊಂಡೆ. ಪಾದ, ಮೊಣಕಾಲು, ತೊಡೆ, ತೊಡೆಯ ಸಂದು, ಹೊಟ್ಟೆಯ ಕೆಳಭಾಗ, ಹೊಕ್ಕುಳ ಹತ್ತಿರ. ಬಟ್ಟೆಯ ಆಚೆಯಿಂದ ಅವಳು "ಇಲ್ಲ ಬುದ್ದಿ" ಅಂದಳು. ಇನ್ನೊಮ್ಮೆ "ಇಲ್ಲ ಬುದ್ದಿ." ಮತ್ತೂ ಒಮ್ಮೆ. ಕಿವಿಗೆ ಬಿತ್ತು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಮಾತು ಸಾಕ್ಷಿಯಲ್ಲ ಎಂದು ನಾನು ಮೊದಲೇ ತೀರ್ಪು ಕೊಟ್ಟಾಗಿತ್ತು.

"ಎಲ್ಲೀವರೆಗೆ?" ಎಂದರು.

"ಹೊಕ್ಕುಳವರೆಗೆ, ಸರ್. ಗೆರೆ ಕೊರೆದ ಹಾಗಿದೆ."

ಅವರು ಚಾಕು ಇಟ್ಟರು.

ಅವಳು ಕೂಗಲಿಲ್ಲ. ಮುಕ್ಕಾಲು ಗಂಟೆ ಒಂದು ಶಬ್ದವೂ ಬರಲಿಲ್ಲ. ನಾಡಿ ಮಾತ್ರ ಓಡುತ್ತಿತ್ತು. ಭಯ ಎಂದು ಬರೆದುಕೊಂಡೆ. ಕರುಳನ್ನು ಹಿಡಿದು ಒಳಗೆ ತಳ್ಳುವ ಹೊತ್ತಿಗೆ ಇನ್ನೊಂದು ವಿಚಿತ್ರ ನಡೆಯಿತು. ಗೆರೆಯ ಮೇಲಿನ ಚುಕ್ಕಿಗಳು ದೊಡ್ಡದಾಗತೊಡಗಿದವು. ಒಂದಕ್ಕೊಂದು ಕೂಡಿಕೊಂಡವು. ನೋಡನೋಡುತ್ತ ಎದೆಯ ಪಕ್ಕೆಯೆಲ್ಲ ಮಸಿ ಬಳಿದ ಹಾಗೆ ಒಂದೇ ಕಪ್ಪಾಗಿ, ಹೊಕ್ಕುಳ ಮಟ್ಟದ ಗೆರೆ ಚಾಕುವಿನ ಅಂಚಿನಷ್ಟು ಚೂಪಾಯಿತು. ನಾನು ಹಿಗ್ಗಿಹೋದೆ. ಇಂಥ ಗೆರೆ ಆ ಪುಸ್ತಕದ ಚಿತ್ರದಲ್ಲೂ ಇರಲಿಲ್ಲ. ಆಯಾಳನ್ನು ಕರೆದು ತೋರಿಸಿದೆ ಕೂಡ.

ಮಾರನೆಯ ದಿನ ಬೆಳಿಗ್ಗೆ ಆಯಾಗೆ ಅವಳು ಹೇಳಿದ ಮಾತೇ ಇವತ್ತಿನ ಕಥೆ. ಅಕ್ಕ ಬಂದಿದ್ದಳು, ಕಾಲು ಎತ್ತಿ ಹಿಡಿದುಕೊಂಡಿದ್ದಳು, ನೋವೆಲ್ಲ ಅವಳಿಗಾಯಿತು. ಮೊದಲು ಚೂಪಾದ ಕಡ್ಡಿಯಲ್ಲಿ ಗೀರಿದ ಹಾಗೆ, ಆಮೇಲೆ ಒದ್ದೆ ಸೀರೆಯನ್ನು ಹೊಟ್ಟೆಯೊಳಗೆ ಹಿಂಡಿದ ಹಾಗೆ, ಕೊನೆಗೆ ಏಳು ಗಂಟು. ಏಳು ಅಂತ ಅಕ್ಕನೇ ಎಣಿಸಿ ಹೇಳಿದಳಂತೆ.

ಹೊಲಿಗೆ ಏಳೇ ಬಿದ್ದಿತ್ತು.

ಸಂಜೆಯೊಳಗೆ ಅಗ್ರಹಾರಕ್ಕೆ ಸುದ್ದಿ ಮುಟ್ಟಿತು. ನಾನು ಸುಮ್ಮನಿರುವವನೇ? ಕಾಲಿನ ಒಗಟನ್ನು ಐದು ನಿಮಿಷದಲ್ಲಿ ಒಡೆದೆ. ಮಂಡಿ ಮುದುರಿ ಮಲಗಿದ್ದಾಗ ಔಷಧಿ ಏರಿತು. ಆಮೇಲೆ ಕಾಲು ಎಲ್ಲಿದೆ ಎಂಬ ಸುದ್ದಿ ತಲೆಗೆ ಮುಟ್ಟಲಿಲ್ಲ. ತಲೆ ಹಳೆಯ ಸುದ್ದಿಯನ್ನೇ ಹಿಡಿದುಕೊಂಡಿತು. ಹೀಗೆ ಹೇಳುವ ರೋಗಿಗಳನ್ನು ಅವಳಿಗಿಂತ ಮುಂಚೆಯೂ ನೋಡಿದ್ದೆ. ಯಾರೋ ಎತ್ತಿ ಹಿಡಿದಿದ್ದಾರೆ ಅನ್ನಿಸಿದರೆ, ಆ ಯಾರೋ ಯಾರಾಗಬೇಕು ಎಂಬುದನ್ನು ಅವಳ ಭಯ ಆರಿಸಿಕೊಂಡಿತು. ಅಮ್ಮ ಕೇಳಿ, "ಸರಿ ಕಣೋ, ಕಾಲು ಬಿಡು. ಏಳು?" ಅಂದರು.

ಏಳನ್ನು ಒಡೆಯಲು ಹೊರಟೆ. ಪಟ್ಟಿ ಬಿಚ್ಚುವುದು ಮೂರನೆಯ ದಿನ. ಅವಳು ಹೇಳಿದ್ದು ಮಾರನೆಯ ಬೆಳಿಗ್ಗೆ. ಹಾಗಾದರೆ ಯಾರೋ ಹೇಳಿಕೊಟ್ಟಿರಬೇಕು. ದೊಡ್ಡ ಡಾಕ್ಟರು ಹೊಲಿಯುವಾಗ ಬಾಯಿ ಬಿಡುವವರಲ್ಲ. ನಾನು ಹೇಳಿಲ್ಲ. ಉಳಿದವಳು ಆಯಾ. ಅವಳನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಪಾಟೀಸವಾಲು ಶುರು ಮಾಡಿದೆ. ಹೊಲಿಗೆ ಹಾಕುವಾಗ ನೀನೆಲ್ಲಿದ್ದೆ, ಏನು ಕಂಡೆ, ಆಮೇಲೆ ಅವಳ ಹತ್ತಿರ ಏನು ಮಾತಾಡಿದೆ?

"ಬಿಸಿನೀರು ತಾ ಅಂತ ನೀವೇ ಅಟ್ಟಿದ್ರಲ್ಲ ಸ್ವಾಮಿ," ಎಂದಳು ಅವಳು ಕೊಡ ಇಳಿಸದೆಯೇ. "ವಾಪಸ್ ಬರೋದ್ರೊಳಗೆ ಪಟ್ಟಿ ಕಟ್ಟಾಗಿತ್ತು. ನಂಗೆ ದೆವ್ವಕ್ಕೆ ಲೆಕ್ಕ ಹೇಳ್ಕೊಡೋ ಕೆಲಸ ಬೇರೆ ಕೊಡ್ತೀರಾ?"

ನಿಜ. ಅಟ್ಟಿದವನು ನಾನೇ.

ಚರ್ಚೆಯಲ್ಲಿ ಒಂದು ಅಪಾಯ ಇದೆ, ಅದನ್ನು ಯಾರೂ ಕಲಿಸುವುದಿಲ್ಲ. ಎದುರಾಳಿಯ ಎಲ್ಲ ದಾರಿಗಳನ್ನೂ ಮುಚ್ಚಿಕೊಂಡು ಬಂದರೆ ಕೊನೆಗೆ ಒಂದೇ ಒಂದು ದಾರಿ ತೆರೆದಿರುತ್ತದೆ. ಅದರಲ್ಲಿ ನೀನೇ ನಿಂತಿರುತ್ತೀಯ. ಯಾರೂ ಹೇಳಿಕೊಟ್ಟಿಲ್ಲ. ಕಣ್ಣಿಗೆ ಕಂಡಿಲ್ಲ. ಅಕ್ಕ ಬಂದಿಲ್ಲ. ಹಾಗಾದರೆ ಏಳು ಅವಳಿಗೆ ಹೇಗೆ ಗೊತ್ತಾಯಿತು?

ಲೈಬ್ರರಿಗೆ ಓಡಿ ಅದೇ ಪುಸ್ತಕ ತೆಗೆದೆ. ಚಿತ್ರವಿದ್ದ ಪುಟದ ತನಕ ಓದಿ ನಾನು ಹೋದ ಸಲ ಎದ್ದುಬಂದಿದ್ದೆ. ಮಗುಚಿದರೆ ಮುಂದಿನ ಪುಟದಲ್ಲಿತ್ತು. ಬೆವರಿನ ನರಗಳು ಬಹಳ ಸಣ್ಣವು. ಔಷಧಿ ತೆಳುವಾಗಿ ಮುಟ್ಟಿದರೂ ಅವು ಮೊದಲು ಬೀಳುತ್ತವೆ. ನೋವಿನ ನರಗಳು ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಹಾಗಾಗಿ ಬೆವರು ನಿಂತ ಗೆರೆಗೂ ನೋವು ನಿಂತ ಗೆರೆಗೂ ನಡುವೆ ಮೂರು ನಾಲ್ಕು ಬೆರಳಗಲದ, ಕೆಲವರಲ್ಲಿ ಇನ್ನೂ ಹೆಚ್ಚಿನ, ಒಂದು ಪಟ್ಟೆ ಉಳಿಯುತ್ತದೆ. ಅಲ್ಲಿ ಚರ್ಮ ಒಣಗಿರುತ್ತದೆ, ನೋವು ಜೀವಂತ ಇರುತ್ತದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಅಂಗಿ ಎತ್ತಿ, ಕನ್ನಡಿಯ ಮುಂದೆ ನಿಂತೆ. ಹೊಕ್ಕುಳ ಪಕ್ಕದಿಂದ ಕೆಳಗೆ ನಾಲ್ಕು ಬೆರಳಿಟ್ಟೆ. ಅದರ ಕೆಳಗೆ ಇನ್ನೆರಡು. ಬೆರಳು ಹೋಗಿ ನಿಂತದ್ದು ದೊಡ್ಡ ಡಾಕ್ಟರು ಚಾಕು ಇಟ್ಟ ಜಾಗದ ಮೇಲೆ.

ಸೂಜಿಯ ನೆನಪು ಬಂದದ್ದು ಆಗ. ಪಾದಕ್ಕೆ ಚುಚ್ಚಿದೆ, ಮೌನ. ಮೊಣಕಾಲು, ತೊಡೆ, ಮೌನ. ತೊಡೆಯ ಸಂದಿಗೆ ಬಂದಾಗ, "ಇಲ್ಲ ಬುದ್ದಿ." ಹೊಟ್ಟೆಯ ಕೆಳಗೆ, "ಇಲ್ಲ ಬುದ್ದಿ." ಹೊಕ್ಕುಳ ಹತ್ತಿರ, "ಇಲ್ಲ ಬುದ್ದಿ." ಅವಳಿಗೆ ನನ್ನ ಕೈ ಕಾಣುತ್ತಿರಲಿಲ್ಲ. ಮತ್ತು ನಾನು ಅವಳನ್ನು ಏನೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ, ಸೂಜಿ ತಾಗಿದ ಗಳಿಗೆಗೆ ಸರಿಯಾಗಿ, ಮೂರು ಸಲವೂ ತಪ್ಪದೆ ಉತ್ತರ ಕೊಟ್ಟಿದ್ದಳು. ಏನೂ ಆಗದವಳು ಯಾವಾಗ ಇಲ್ಲ ಅನ್ನಬೇಕೆಂದು ಹೇಗೆ ತಿಳಿಯುತ್ತಾಳೆ?

ಇಷ್ಟು ನಿಖರವಾದ ಅಳತೆ ನನ್ನ ಕಿವಿಯಲ್ಲಿ ಬಿದ್ದಿತ್ತು. ಅದನ್ನು ಬಿಟ್ಟು ನಾನು ಹಿಟ್ಟು ನೋಡುತ್ತಿದ್ದೆ. ಆ ಹಿಟ್ಟು ಕೊನೆಕೊನೆಗೆ ಕಪ್ಪಾಗಿ ಒಂದಾದದ್ದು ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ನೋವು ತಿನ್ನುವ ಮನುಷ್ಯ ಬೆವರುತ್ತಾನೆ. ಬೆವರಬಲ್ಲ ಕಡೆಯಲ್ಲೆಲ್ಲ ಬೆವರುತ್ತಾನೆ. ನನ್ನ ಗೆರೆಯನ್ನು ಅಷ್ಟು ಚೂಪು ಮಾಡಿಕೊಟ್ಟದ್ದು ಅದು.

ದೊಡ್ಡ ಡಾಕ್ಟರಿಗೆ ಹೇಳಲು ಹೋದೆ. ಅವರು ಅಷ್ಟರಲ್ಲಿ ಆ ಗೆರೆಯನ್ನು ಊರಿನ ಇತರ ಡಾಕ್ಟರುಗಳ ಮುಂದೆ ಹೊಗಳಿಕೊಂಡು ಬಂದಾಗಿತ್ತು. ಪೂರ್ತಿ ಕೇಳಿಸಿಕೊಂಡು, "ಅವಳು ಕೂಗಲಿಲ್ಲವಲ್ಲಯ್ಯ. ಗಾಯ ಮಾಗಿತು, ಮನೆಗೆ ಹೋದಳು. ಇನ್ನು ಯಾವ ಕಡೆ ವಾದ ಮಾಡ್ತಿದೀಯ ನೀನು?" ಎಂದರು. ಥಿಯೇಟರಿನಲ್ಲಿ ನನ್ನ ಜಾಗ ಗಟ್ಟಿಯಾಗಿತ್ತು. ಅದಾದ ಮೇಲೆ ಯಾವ ರೋಗಿಗೂ ಆ ಗೆರೆಯೊಂದನ್ನೇ ನಂಬಿ ನಾನು ಆಯಿತು ಅನ್ನಲಿಲ್ಲ. ಕಣ್ಣು ಮುಚ್ಚಿಸಿ, ಏನೂ ಕೇಳದೆ ಚುಚ್ಚುತ್ತೇನೆ, ಉತ್ತರ ಯಾವಾಗ ಬರುತ್ತದೆ ಎಂದು ಕಾಯುತ್ತೇನೆ. ಉತ್ತರ ಏನು ಎಂಬುದು ಬೇಕಾಗಿಲ್ಲ.

ಅಮ್ಮನಿಗೆ ಮಾತ್ರ ಹೇಳಲಿಲ್ಲ. ಅಕ್ಕ ಬಂದಿದ್ದಳು ಎಂದು ಅವರು ಪಕ್ಕದ ಮನೆಯವರಿಗೆ ಹೇಳುವಾಗ ನಾನು ಒಳಗೆ ಎದ್ದುಹೋಗುತ್ತೇನೆ. ವಾದದಲ್ಲಿ ದೆವ್ವವನ್ನು ಸೋಲಿಸಬಲ್ಲೆ. ಸೋಲಿಸಿದ ಮೇಲೆ ಆ ಖಾಲಿ ಜಾಗದಲ್ಲಿ ಯಾರನ್ನು ನಿಲ್ಲಿಸಬೇಕು ಎಂಬುದು ಗೊತ್ತಿರುವುದರಿಂದ ಸುಮ್ಮನಿದ್ದೇನೆ.

ಮೂರು ತಿಂಗಳಾದ ಮೇಲೆ ಅವಳು ಮತ್ತೆ ಜಗಲಿಗೆ ಬಂದಳು. ಬುಟ್ಟಿ ಚಿಕ್ಕದಾಗಿತ್ತು, ನಾಲಿಗೆ ಮೊದಲಿನಷ್ಟೇ ಉದ್ದ. ಅಮ್ಮನ ಜೊತೆ ಅದೇ ಜಗಳ, ಅದೇ ಕನ್ನಡಕದ ಮಾತು. ಒಂದೇ ಒಂದು ಬದಲಾಗಿತ್ತು. ಕೊಸರನ್ನು ಕೇಳುವ ಮುಂಚೆಯೇ ಹಾಕಿಬಿಡುತ್ತಿದ್ದಳು. ಅದೂ ನಾಲ್ಕು ಎಳೆ ಅಲ್ಲ, ಒಂದು ಹಿಡಿ. ಅಮ್ಮನಿಗೆ ಸಂತೋಷ. ನಮ್ಮ ಹುಡುಗ ಜೀವ ಉಳಿಸಿದ್ದಕ್ಕೆ ಕಣ್ರೀ ಅನ್ನುತ್ತಿದ್ದರು.

ನಾನು ಎಷ್ಟು ಸಲ ಕೇಳಿದೆನೋ. ಅವತ್ತು ನೋವಾಯಿತಾ? ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಬರುತ್ತಿತ್ತು: ಇಲ್ಲ ಬುದ್ದಿ. ಅಕ್ಕನಿಗೆ ಆಯಿತಷ್ಟೆ. ಒಂದು ದಿನ ಮಾತ್ರ ಸೊಪ್ಪಿನ ಕಟ್ಟು ಬಿಚ್ಚುತ್ತಾ, ನನ್ನ ಕಡೆ ನೋಡದೆ, ಇನ್ನೊಂದು ಮಾತು ಸೇರಿಸಿದಳು.

"ಪಾಪ ಅವ್ಳು, ಎಂಗೆ ತುಟಿ ಕಚ್ಕೊಂಡ್ ನಿಂತಿದ್ಲು ಅಂತೀರಾ."

ನಾನು ಅವಳ ಮುಖ ನೋಡಿದೆ. ಕೆಳತುಟಿಯ ಎಡಭಾಗದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಿಳಿ ಗಾಯದ ಗುರುತು ಇತ್ತು. ಮೊದಲು ಇರಲಿಲ್ಲ. ಅಂಬೆಗಾಲಿಡುವಾಗಿನಿಂದ ಆ ಮುಖವನ್ನು ನೋಡಿದವನು ನಾನು.

ನೋವಿನ ಬಗ್ಗೆ ಕೇಳಿ ಪ್ರಯೋಜನವಿಲ್ಲ ಎಂದು ಆಗ ತಿಳಿಯಿತು. ಆ ಪ್ರಶ್ನೆಗೆ ಅವಳ ಬಳಿ ಉತ್ತರ ತಯಾರಾಗಿದೆ, ಅದು 'ಇಲ್ಲ' ಎಂದೇ ಇರುತ್ತದೆ. ಅವಳು ಇಲ್ಲ ಎಂದರೂ, ಹೂಂ ಎಂದರೂ, ಸುಮ್ಮನಿದ್ದರೂ ನನಗೆ ತಿಳಿದುಹೋಗುವಂಥ ಪ್ರಶ್ನೆ ಒಂದಿತ್ತು. ಎಷ್ಟೋ ದಿನದಿಂದ ಅದನ್ನು ಬಾಯಿಗೆ ತಂದುಕೊಂಡು ನುಂಗಿದ್ದೆ. ಅಮ್ಮ ಮೊರ ತೆಗೆದುಕೊಂಡು ಒಳಗೆ ಹೋಗುವ ತನಕ ಕಾದೆ. ಅವಳು ಸಿಂಬಿ ತಲೆಗಿಟ್ಟುಕೊಂಡು ಬುಟ್ಟಿ ಎತ್ತಲು ಬಗ್ಗಿದಳು. ಚಿಕ್ಕಂದಿನಿಂದ ನೀನು ಎಂದೇ ಕರೆದು ಅಭ್ಯಾಸವಾಗಿದ್ದ ಬಾಯಿಂದ ಹಾಗೆ ಹೊರಡಲಿಲ್ಲ.

"ಅವತ್ತು ಮೇಜಿನ ಮೇಲೆ," ಎಂದು ಕೇಳಿದೆ, "ದೊಡ್ಡ ಡಾಕ್ಟರು ನನಗೆ ಹೇಳಿದ್ದು, ಈ ಹೆಂಗಸು ಕೂಗಿಕೊಂಡರೆ ನಾಳೆಯಿಂದ ನೀನು ಬರಬೇಡ ಅಂತ ಹೇಳಿದ್ದು, ನಿಮಗೆ ಕೇಳಿಸಿತ್ತೇನಮ್ಮಾ?"